ಬಸ್ಸಿಗೆ ಅಡ್ಡ ನಿಂತವರು

ನವೆಂಬರ್ ಕೊನೆ, ಊರಲ್ಲೆಲ್ಲ ಕಿಮ್ಚಿಗೆಂದು ಎಲೆಕೋಸಿಗೆ ಉಪ್ಪು ಹಾಕುವ ಕಾಲ. ಬೆಳಗಿನ ಆರು ಗಂಟೆಗೆ ಮಾ ಚುನ್‌ಸಿಕ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಅಂತಿಮ ದರ್ಶನದ ಕೋಣೆಯ ಮುಂದೆ ನಿಂತು, ಹೆಣ ಹೊರುವವರ ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದ. ಬಲಗೈಯದು ಸಲೀಸಾಗಿ ಹೋಯಿತು. ಎಡಗೈಯಲ್ಲಿ ಎರಡು ಬೆರಳು ಒಂದೇ ತೂತಿಗೆ ನುಗ್ಗಿ ಸಿಕ್ಕಿಕೊಂಡವು.

"ಕೊಡಣ್ಣ ಇಲ್ಲಿ," ಎಂದ ತಾಕ್ ಯೊಂಗ್‌ಬೇ. "ಜೀವಮಾನವೆಲ್ಲ ಹಡಗಿನ ತಗಡು ಬೆಸೆದ ಕೈ. ಒಂದು ಗವಸು ಹಾಕ್ಕೊಳ್ಳಕ್ಕೆ ಬರಲ್ಲ."

"ಬೆಸುಗೆಯವರ ಗವಸು ಚರ್ಮದ್ದು ಕಣೋ. ಇದು ಈರುಳ್ಳಿ ಸಿಪ್ಪೆ ಇದ್ದಂಗಿದೆ."

ಯೊಂಗ್‌ಬೇ ಬೆರಳು ಬಿಡಿಸಿಕೊಟ್ಟ. ಅವನು ಟ್ಯಾಕ್ಸಿ ಓಡಿಸುವವನು, ಚುನ್‌ಸಿಕ್‌ಗಿಂತ ಚಿಕ್ಕವನು. ಹೆಮುನ್ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಲ್ಲಿ ಡೋಲು ಅವನದು, ಮುಂದಾಳುತನ ಚುನ್‌ಸಿಕ್‌ನದು. ಇಬ್ಬರ ಕೊರಳಲ್ಲೂ ಕ್ಲಬ್ಬಿನ ಹಳದಿ ಶಾಲು ಇತ್ತು.

ಒಳಗಿನ ಕೋಣೆಯಲ್ಲಿ ಸೇವಂತಿಗೆ ಹೂಗಳ ನಡುವೆ ಗಿಲ್ ದೊಕ್‌ಸುವಿನ ಪಟ. ಒಂದು ಕಾಲಕ್ಕೆ ಕ್ಲಬ್ಬಿನ ಒಂಬತ್ತನೇ ನಂಬರಿನ ಸ್ಟ್ರೈಕರ್. ಪಟದಲ್ಲಿ ಮಾತ್ರ ಮೈಮೇಲೆ ಜೆರ್ಸಿ ಇಲ್ಲ. ದೊಲ್‌ಸೊಮ್ ದ್ವೀಪದಲ್ಲಿ ಅವನ ತಾಯಿಯ ಮನೆಯ ಮುಂದೆ, ಬೆಸ್ತರ ಟೋಪಿ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಬಂದವರೆಲ್ಲ ಪಟಕ್ಕೆ ಎರಡು ಸಲ ಬಾಗಿ, ಈಚೆ ಬಂದು, ಇದೇನು ಇಂಥ ಪಟ ಇಟ್ಟಿದ್ದಾರೆ ಎಂದು ಗೊಣಗಿದ್ದರು.

ಊಟದ ಕೋಣೆಯಲ್ಲಿ ಕಿಟಕಿಯೇ ಇಲ್ಲ. ಖಾರದ ಮಾಂಸದ ಸಾರಿನ ವಾಸನೆ, ಊದುಬತ್ತಿಯ ಹೊಗೆ, ರಾತ್ರಿ ಕುಡಿದ ಸೋಜು ಮದ್ಯ, ಎಲ್ಲವೂ ಅಲ್ಲೇ ನಿಂತಿದ್ದವು. ಹೊರಡುವ ಮುಂಚೆ ಕೊನೆಯ ಬಟ್ಟಲು ಸಾರು ಕುಡಿಯುತ್ತಾ ಹಳಬರು ಅದೇ ಮಾತಿಗೆ ಬಂದಿದ್ದರು.

"ಆ ಮಳೆ ದಿನದ ಗೋಲು ನೆನಪಿದೆಯಾ? ಮೂರು ಜನ ಅಂಗಿ ಹಿಡಿದು ಜಗ್ತಿದ್ರು. ಮೂವರನ್ನೂ ಹೊತ್ಕೊಂಡೇ ಹಾರಿ ತಲೆ ಕೊಟ್ಟ."

"ಮೂರಲ್ಲಪ್ಪ, ಇಬ್ಬರು."

"ಹೋದ ವರ್ಷ ನೀನೇ ನಾಲ್ಕು ಅಂದಿದ್ದೆ."

"ಆಗ ಕುಡಿದಿದ್ದೆ."

"ಈಗೇನು ಹಾಲು ಕುಡಿದಿದೀಯಾ?"

ನಕ್ಕರು. ಯೊಂಗ್‌ಬೇ ಬಾಗಿಲಿಂದಲೇ ಸೇರಿಸಿದ. "ಏನೇ ಅನ್ನಿ, ಎಡಗಾಲಲ್ಲಿ ಒಂದು ಗೋಲೂ ಹೊಡೀಲಿಲ್ಲ ಪುಣ್ಯಾತ್ಮ."

"ಎಡಗಾಲು ಬೀಳದ ಹಾಗೆ ನಿಂತ್ಕೊಳ್ಳೋಕೆ ಅಷ್ಟೆ ಅಂತ ಅವನೇ ಹೇಳ್ತಿದ್ದ. ಕೊನೆಗೆ ಅದೇ ಮಂಡಿ ಹೋಯ್ತು ನೋಡು."

ಎಲ್ಲರೂ ಮತ್ತೆ ಸಾರಿಗೆ ಚಮಚ ಹಾಕಿದರು.

ಆಗ ದೊಕ್‌ಸುವಿನ ಹೆಂಡತಿ ಮಾಲ್‌ಸುನ್ ಒಳಗಿಂದ ಬಂದಳು. ಕಪ್ಪು ಉಡುಪು, ಕೂದಲಲ್ಲಿ ಸೂತಕದ ಬಿಳಿ ರಿಬ್ಬನ್. ಕೈಯಲ್ಲಿ ಒಂದು ಹಳೆಯ ನೀಲಿ ಚೀಲ. ಕ್ಲಬ್ಬಿನವರು ಆಟಗಾರರಿಗೆ ಕೊಡುತ್ತಿದ್ದ ಕ್ಯಾನ್ವಾಸಿನ ಚೀಲ, ಬಾಯಿಗೆ ಹುರಿಯ ಗಂಟು.

"ಚುನ್‌ಸಿಕ್ ಭಾವ, ಒಂದು ಮಾತು ಕೇಳಿದೆ," ಎಂದಳು. "ಅವರನ್ನ ಒಯ್ಯೋ ಬಸ್ಸು ಕ್ರೀಡಾಂಗಣದ ಗೇಟಿನ ಹತ್ರ ನಿಲ್ಲತ್ತೆ ಅಂತ ಯಾರೋ ಅಂತಿದ್ರು."

"ಹೂಂ ತಂಗಿ, ನಾನೇ ಹೇಳಿದ್ದು. ಸತ್ತವರು ದುಡಿದ ಜಾಗದಲ್ಲಿ ದಾರಿಪೂಜೆ ಮಾಡೋದು ಪದ್ಧತಿ ತಾನೆ. ಜನ ಆಗ್ಲೇ ಸೇರಿದ್ದಾರೆ. ಮೈದಾನಕ್ಕೆ ಒಂದು ಸುತ್ತು ಹೊತ್ಕೊಂಡು ಹೋಗ್ತೀವಿ. ಕ್ಲಬ್ಬಿನ ಅಧ್ಯಕ್ಷರೂ ಬರ್ತಾರೆ, ನಾಲ್ಕು ಮಾತಾಡ್ತಾರೆ."

"ಬೇಡ."

"ಹೊತ್ತಾಗಲ್ಲ."

"ಆಗತ್ತೆ. ದಹನದ ಸರದಿ ತಪ್ಪಿದ್ರೆ ಮಧ್ಯಾಹ್ನದ ಹಡಗು ತಪ್ಪತ್ತೆ. ಬೂದಿನ ಇವತ್ತೇ ದೊಲ್‌ಸೊಮ್‌ಗೆ ಕೊಂಡೊಯ್ಬೇಕು, ಅತ್ತೆ ಸಮಾಧಿ ಪಕ್ಕದಲ್ಲಿ ಇಡ್ಬೇಕು. ಹೊತ್ತಿನ ಮಾತು ಬಿಡಿ ಭಾವ. ಅವರು ನನ್ನ ಕೈಲಿ ಮಾತು ತಗೊಂಡಿದ್ದಾರೆ. ಕೊನೆ ಬಸ್ಸನ್ನಾದ್ರೂ ಆ ಗೇಟಿನ ಮುಂದೆ ನಿಲ್ಲಿಸ್ಬೇಡ ಅಂದ್ರು."

ಚುನ್‌ಸಿಕ್‌ಗೆ ಅದು ಹಿಡಿಸಲಿಲ್ಲ. ಕಾಯಿಲೆಯಲ್ಲಿ ಮನುಷ್ಯ ಏನೇನೋ ಅನ್ನುತ್ತಾನೆ ಎಂದುಕೊಂಡ.

"ತಂಗಿ, ಅವನು ನಮ್ಮವನು. ಜಪಾನಿನವರು ಕರೆದಾಗ್ಲೂ ಹೋಗ್ಲಿಲ್ಲ. ಬಸ್ಸಿಂದ ಇಳಿದು ಬಂದು, ಒದ್ದೆ ರಸ್ತೆ ಮೇಲೆ ನಮಗೆ ಹಣೆ ಹಚ್ಚಿ, ಇಲ್ಲೇ ಇರ್ತೀನಿ ಅಂದ."

"ಅಂದ್ರಾ?" ಎಂದಳು ಮಾಲ್‌ಸುನ್. ದನಿ ಏರಲಿಲ್ಲ. "ಯಾರ ಕಿವಿಗೆ ಬಿತ್ತು ಅದು?"

ಚುನ್‌ಸಿಕ್ ಯೊಂಗ್‌ಬೇಯ ಕಡೆ ನೋಡಿದ. ಯೊಂಗ್‌ಬೇ ಮೇಜಿನ ಕಡೆ ನೋಡಿದ. ಮೇಜಿನವರು ಬಟ್ಟಲು ನೋಡಿಕೊಂಡರು.

"ನಾವು ಆಗ ಹಾಡ್ತಿದ್ವಲ್ಲಣ್ಣ," ಎಂದ ಯೊಂಗ್‌ಬೇ ಮೆಲ್ಲಗೆ.

*

ಆಗ ದೊಕ್‌ಸುಗೆ ಇಪ್ಪತ್ತೆಂಟು. ಜಪಾನಿನ ಒಂದು ಕ್ಲಬ್ಬು ಅವನನ್ನು ಕರೆದಿತ್ತು. ಒಪ್ಪಂದ ಆಗಿತ್ತು, ಕ್ಲಬ್ಬಿನವರೂ ಬಿಟ್ಟುಕೊಟ್ಟಿದ್ದರು. ಆ ಸಾಲಿನ ಕೊನೆಯ ಪಂದ್ಯ ಮುಗಿಸಿ, ತಂಡದ ಬಸ್ಸಿನಲ್ಲೇ ಬಂದರಿನವರೆಗೆ ಹೋಗಿ, ಸಂಜೆಯ ಹಡಗು ಹತ್ತುವುದು ಎಂದು ಮಾತಾಗಿತ್ತು. ಮಾಲ್‌ಸುನ್ ಬಂದರಿನಲ್ಲಿ ಕಾಯುತ್ತಿದ್ದಳು. ಮಗಳು ಒಕ್‌ಜು ಇನ್ನೂ ಕೂಸು, ಬೆನ್ನಿಗೆ ಕಟ್ಟಿಕೊಂಡಿದ್ದಳು.

ಸುದ್ದಿ ಹೇಗೋ ಹೊರಬಿತ್ತು. ನಮ್ಮ ಹೆಮುನ್‌ನಲ್ಲಿ ತಂಡ ಸೋತಾಗ ಬಸ್ಸಿಗೆ ಅಡ್ಡ ಕೂರುವುದು ಹೊಸದಲ್ಲ. ಕೋಚ್ ಇಳಿದು ಬಂದು ತಪ್ಪಾಯಿತು ಎನ್ನುವವರೆಗೆ ಬಿಡುತ್ತಿರಲಿಲ್ಲ. ಆ ಸಂಜೆ ಕೂರಲಿಲ್ಲ, ಮಲಗಿದರು. ಹಡಗು ಕಟ್ಟುವ ಕಾರ್ಖಾನೆಯ ಆಳುಗಳು ಎಣ್ಣೆ ಮೆತ್ತಿದ ಉಡುಪಲ್ಲೇ ಬಂದು ಗೇಟಿನ ಮುಂದೆ ಉದ್ದಕ್ಕೆ ಮಲಗಿದರು. ಮುಂದಿನ ಚಕ್ರಕ್ಕೆ ಎಲ್ಲರಿಗಿಂತ ಹತ್ತಿರ ಮಲಗಿದವನು ಚುನ್‌ಸಿಕ್.

ಮಳೆ ಹನಿಯುತ್ತಿತ್ತು. ಡ್ರೈವರ್ ಎಂಜಿನ್ ನಿಲ್ಲಿಸಿದ. ಬಹಳ ಹೊತ್ತು ದೊಕ್‌ಸು ಸೀಟಿನಿಂದ ಏಳಲಿಲ್ಲ. ಗಾಜಿಗೆ ಹಣೆ ಒತ್ತಿಕೊಂಡು ಕೆಳಗೆ ಮಲಗಿದವರನ್ನು ನೋಡುತ್ತಿದ್ದ. ಆಮೇಲೆ ಎದ್ದ. ಚೀಲ ಸೀಟಿನ ಮೇಲೆಯೇ ಬಿಟ್ಟ, ಮತ್ತೆ ಹತ್ತಿ ಬರುವವನ ಹಾಗೆ.

ಇಳಿದು, ಬೂಟು ಕಳಚಿ ಪಕ್ಕಕ್ಕಿಟ್ಟು, ಮಂಡಿಯೂರಿ ಹಣೆಯನ್ನು ಡಾಂಬರಿಗೆ ಮುಟ್ಟಿಸಿದ.

ನಮ್ಮಲ್ಲಿ ಆ ದೊಡ್ಡ ನಮಸ್ಕಾರ ಹೊಸ ವರ್ಷಕ್ಕೂ ಉಂಟು. ಮಗ ಸೈನ್ಯಕ್ಕೆ ಹೊರಟಾಗ, ಮಗಳು ಗಂಡನ ಮನೆಗೆ ಹೊರಟಾಗ, ಅಪ್ಪ ಅಮ್ಮನ ಮುಂದೆಯೂ ಉಂಟು. ಅವನ ಹಣೆ ಇನ್ನೂ ನೆಲದ ಮೇಲೆ ಇರುವಾಗಲೇ ಯಾರೋ ಕೂಗಿದರು, ಉಳಿದ, ನಮ್ಮ ದೊಕ್‌ಸು ಉಳಿದ ಎಂದು. ಯೊಂಗ್‌ಬೇಯ ಡೋಲಿಗೆ ಪೆಟ್ಟು ಬಿತ್ತು, ಹಾಡು ಶುರುವಾಯಿತು. ಅವನು ತಲೆ ಎತ್ತಿ ಬಾಯಿ ತೆರೆದದ್ದು ಉಂಟು. ಅಷ್ಟರಲ್ಲಿ ಕೈಗಳು ಅವನನ್ನು ಮೇಲಕ್ಕೆ ಎಸೆದವು, ಹಿಡಿದವು, ಮತ್ತೆ ಎಸೆದವು. ಹಾಗೆ ಎಸೆಯುತ್ತಾ ಮೈದಾನದೊಳಕ್ಕೆ ಹೊತ್ತುಕೊಂಡು ಹೋದರು. ದಾರಿ ತೆರವಾಯಿತು, ಬಸ್ಸು ಹೊರಟಿತು.

ಬಂದರಿನಲ್ಲಿ ಡ್ರೈವರ್ ಚೀಲವನ್ನು ಮಾಲ್‌ಸುನ್ ಕೈಗಿಟ್ಟು, "ಅವರು ಬರಲ್ಲಮ್ಮ," ಎಂದ.

ಮರುದಿನದ ಪತ್ರಿಕೆಯಲ್ಲಿ ಹಣೆ ನೆಲಕ್ಕಿಟ್ಟ ಚಿತ್ರ. ಮನೆ ಬಾಗಿಲಲ್ಲಿ ಅಕ್ಕಿಯ ಮೂಟೆ, ಒಣಮೀನಿನ ಕಟ್ಟು, ಕೂಸಿಗೆ ಸ್ವೆಟರು. ಇಟ್ಟವರು ಯಾರೆಂದು ಗೊತ್ತಿಲ್ಲ. ಕೊಟ್ಟ ಮಾತು ಮುರಿದವನು ನಮಗೆ ಬೇಡ ಎಂದು ಜಪಾನಿನವರು ಹೇಳಿಕಳಿಸಿದರು. ದೊಕ್‌ಸು ಬಾಗಿಲಲ್ಲಿ ನಿಂತು ಅಕ್ಕಿ ಮೂಟೆ ನೋಡುತ್ತಾ, "ಇದನ್ನ ದಾಟ್ಕೊಂಡು ಹೇಗೆ ಹೋಗ್ಲಿ, ಹೇಳು," ಎಂದ. ಮಾಲ್‌ಸುನ್ ಚೀಲವನ್ನು ಬಿಚ್ಚದೆ ಅಟ್ಟದ ಮೇಲೆ ಹಾಕಿದಳು.

ಮಂಡಿ ಹೋದ ಮೇಲೆ ಅವನಿಗೆ ಗೇಟಿನ ಎದುರಿಗೇ ಒಂದು ಸಾರಿನಂಗಡಿ ನೋಡಿಕೊಟ್ಟವರೂ ಈ ಜನರೇ. ಬೋರ್ಡಿನ ಮೇಲೆ ದೊಡ್ಡದಾಗಿ ಒಂಬತ್ತು ಎಂದು ಬರೆದವರೂ ಇವರೇ. ಪಂದ್ಯದ ದಿನ ಅಂಗಡಿ ತುಂಬಿದಾಗ ಯಾರಾದರೂ ಒಬ್ಬರು ಒಂದು ಎಲೆಕೋಸು ಎತ್ತಿ ಅವನ ಕಡೆ ಎಸೆಯುತ್ತಿದ್ದರು. ಅವನು ಸೌಟು ಕೆಳಗಿಟ್ಟು, ಒಳ್ಳೆಯ ಕಾಲಿನ ಮೇಲೆ ಹಾರಿ, ತಲೆ ಕೊಡಬೇಕು. ಕೋಸು ಗೋಡೆಗೆ ಬಡಿದರೆ ಅಂಗಡಿಯೆಲ್ಲ ಗೋಲು ಎನ್ನಬೇಕು. ಕೂದಲು ನೆರೆತ ಮೇಲೂ ಎಸೆಯುತ್ತಿದ್ದರು. ಅವನು ತಲೆ ಕೊಡುತ್ತಿದ್ದ.

ಒಂದು ಸಲ, ಅವನ ತಾಯಿ ಹಾಸಿಗೆ ಹಿಡಿದಾಗ, ಅಂಗಡಿ ಮುಚ್ಚಿ ದೊಲ್‌ಸೊಮ್‌ಗೆ ಹೋಗಿ ಇದ್ದುಬಿಡುತ್ತೇನೆ ಎಂದು ಶಟರ್ ಎಳೆದಿದ್ದ. ಸಂಜೆಗೆ ಚುನ್‌ಸಿಕ್ ನಾಲ್ಕು ಜನರನ್ನು ಕರೆದುಕೊಂಡು ಬಂದು ಶಟರ್ ಎತ್ತಿಸಿದ.

"ಎಲ್ಲಿಗೆ ಹೋಗ್ತೀಯೋ ಮಾರಾಯ? ಆ ಬಂಡೆ ಮೇಲೆ ನಿನ್ನ ಯಾರು ಗುರುತು ಹಿಡೀತಾರೆ?"

"ಯಾರೂ ಇಲ್ಲಣ್ಣ," ಎಂದಿದ್ದ ದೊಕ್‌ಸು. "ಅದಕ್ಕೇ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕಿದ್ದರು. ಅವನೂ ನಕ್ಕು ಒಲೆ ಹಚ್ಚಿದ.

*

ಆರು ಜನ ಶವದ ಪೆಟ್ಟಿಗೆಗೆ ಕೈ ಕೊಟ್ಟರು. ನೆಲಮಾಳಿಗೆಯಿಂದ ಮೇಲಕ್ಕೆ ಇಳಿಜಾರು ದಾರಿ. ಮುಂದೆ ಒಕ್‌ಜು ಅಪ್ಪನ ಪಟ ಹಿಡಿದು ನಡೆದಳು. ಚುನ್‌ಸಿಕ್ ತಲೆಯ ಕಡೆ ಹಿಡಿದಿದ್ದ. ಇಷ್ಟು ಹಗುರ ಇರುತ್ತಾನೆ ಎಂದು ಅವನು ಎಣಿಸಿರಲಿಲ್ಲ. ಅಂದು ಮೇಲಕ್ಕೆ ಎಸೆದಾಗ ಭಾರವಿದ್ದ, ಹಿಡಿದವರ ತೋಳು ಜುಮ್ಮೆಂದಿತ್ತು.

ಹೊರಗೆ ಬೆಳಕು ಹರಿದಿತ್ತು. ಬಸ್ಸಿನ ಹೊಟ್ಟೆಯ ಬಾಗಿಲು ತೆರೆದು ಪೆಟ್ಟಿಗೆಯನ್ನು ಒಳಗೆ ತಳ್ಳಿದರು, ಬಾಗಿಲು ಮುಚ್ಚಿತು. ಯೊಂಗ್‌ಬೇ ತನ್ನ ಟ್ಯಾಕ್ಸಿಯಲ್ಲಿ ಮುಂದಾಗಿ ಹೊರಟ. ಹೋಗುವ ಮುಂಚೆ, "ಗೇಟಿನ ಹತ್ರ ಇರೋರಿಗೆ ಏನ್ ಹೇಳ್ಲಿ?" ಎಂದು ಕೇಳಿದ. ಚುನ್‌ಸಿಕ್ ಬೆನ್ನು ತಿರುಗಿಸಿ ಬಸ್ಸು ಹತ್ತಿದ. ಯೊಂಗ್‌ಬೇ ಅದನ್ನು ಹೂಂ ಎಂದೇ ತಿಳಿದುಕೊಂಡು ಹೋದ.

ಬಸ್ಸಿನಲ್ಲಿ ಮಾಲ್‌ಸುನ್ ಮುಂದಿನ ಸಾಲಿನಲ್ಲಿ ಕೂತಿದ್ದಳು, ಚೀಲ ತೊಡೆಯ ಮೇಲೆ. ಚುನ್‌ಸಿಕ್ ದಾರಿಯ ಈಚೆ ಬದಿಯ ಸೀಟಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ ಅವನು ಕೇಳಿದ.

"ಅದು ಅದೇ ಚೀಲಾನಾ?"

"ಹೂಂ."

"ಏನಿದೆ ಒಳಗೆ?"

"ಬನಿಯನ್ನು, ಕಾಲುಚೀಲ, ಹಲ್ಲುಜ್ಜೋ ಬ್ರಷ್ಷು. ಅಂದು ನಾನೇ ತುಂಬಿದ್ದು." ಹುರಿಯ ಗಂಟನ್ನು ಬೆರಳಲ್ಲಿ ಸವರಿದಳು. "ಹೊರಡೋವಾಗ ಎಲ್ಲರಿಗೂ ನಮಸ್ಕಾರ ಮಾಡಿ ಬರ್ತೀನಿ ಅಂದಿದ್ರು ಭಾವ. ಅನ್ನ ಹಾಕಿದ ಜನ, ಹೇಳದೆ ಹೋಗ್ಬಾರ್ದು ಅಂದ್ರು. ಅಷ್ಟೇ ಮಾಡಿದ್ದು."

ಚುನ್‌ಸಿಕ್ ಕೊರಳಿನ ಶಾಲನ್ನು ಸ್ವಲ್ಪ ಸಡಿಲಿಸಿಕೊಂಡ.

"ಮೂವತ್ತು ವರ್ಷ," ಎಂದ. "ಒಂದು ಸಲ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ."

"ನೀವು ಸಂತೋಷವಾಗಿದ್ರಿ," ಎಂದಳು ಮಾಲ್‌ಸುನ್. "ಅದನ್ನೂ ನೋಡ್ತಿದ್ರು ಅವರು."

ಕೂಡುರಸ್ತೆ ಬಂತು. ಬಲಕ್ಕೆ ಹೋದರೆ ಕ್ರೀಡಾಂಗಣ. ಎಡಕ್ಕೆ ಹೋದರೆ ದಹನದ ಗುಡ್ಡ, ಅಲ್ಲಿಂದ ಕೆಳಗೆ ಹಡಗು ನಿಲ್ಲುವ ಬಂದರು. ಜನ ಗೇಟಿನ ಹತ್ತಿರ ಕಾಯದೆ ಕೂಡುರಸ್ತೆಯವರೆಗೆ ಬಂದುಬಿಟ್ಟಿದ್ದರು. ರಸ್ತೆಯ ಅಗಲಕ್ಕೂ ಹಳದಿ ಶಾಲು. ಒಂಬತ್ತು ಎಂದು ಬರೆದ ಬಟ್ಟೆಯನ್ನು ಎಡದ ದಾರಿಗೆ ಅಡ್ಡ ಹಿಡಿದಿದ್ದರು. ಯೊಂಗ್‌ಬೇ ಡೋಲು ತಗಲಿಸಿಕೊಂಡು ನಡುವೆ ನಿಂತಿದ್ದ. ಬಸ್ಸು ಕಂಡದ್ದೇ ಹಾಡು ಶುರುವಾಯಿತು.

ಡ್ರೈವರ್ ಬ್ರೇಕು ಹಾಕಿದ. ಹಿಂದೆ ಕಾರುಗಳು ಬಂದು ನಿಂತವು. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ.

"ಏನ್ ಮಾಡ್ಲಿ ಯಜಮಾನ್ರೇ?" ಎಂದು ಚುನ್‌ಸಿಕ್‌ನನ್ನು ಕೇಳಿದ. "ಗುಡ್ಡದ ಮೇಲೆ ಸರದಿ ಕಾಯಲ್ಲ. ಬಲಕ್ಕಾ, ಎಡಕ್ಕಾ?"

ಒಕ್‌ಜು ಪಟವನ್ನು ಎದೆಗೆ ಒತ್ತಿಕೊಂಡಳು. ಮಾಲ್‌ಸುನ್ ಗಾಜಿಗೆ ಹಣೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದಳು.

ಚುನ್‌ಸಿಕ್ ಅದನ್ನು ನೋಡಿದ. ಎದ್ದು, "ಬಾಗಿಲು ತೆಗಿ," ಎಂದ.

ಅವನು ಇಳಿದದ್ದನ್ನು ಕಂಡು ಹಾಡು ಇನ್ನೂ ಜೋರಾಯಿತು. ಯೊಂಗ್‌ಬೇ ಓಡಿಬಂದ. "ಬಾ ಅಣ್ಣ, ಅಧ್ಯಕ್ಷರು ಗೇಟಲ್ಲೇ ನಿಂತಿದ್ದಾರೆ. ಪೆಟ್ಟಿಗೆ ಇಳಿಸೋಣ."

"ಡೋಲು ನಿಲ್ಸು."

"ಏನಣ್ಣ?"

"ಒಂದು ಸಲ ನಿಲ್ಸೋ. ಆವತ್ತೂ ನಿಲ್ಲಿಸ್ಲಿಲ್ಲ ನೀನು."

ಯೊಂಗ್‌ಬೇಯ ಕೈ ನಿಂತಿತು. ಹಾಡು ತಕ್ಷಣ ನಿಲ್ಲಲಿಲ್ಲ, ಹಿಂದಿನವರಿಂದ ಒಂದೊಂದೇ ದನಿಯಾಗಿ ಕಡಿಮೆಯಾಯಿತು. ಚುನ್‌ಸಿಕ್ ಜನರಿಗೆ ಬೆನ್ನು ಹಾಕಿ ಬಸ್ಸಿನ ಕಡೆ ತಿರುಗಿದ. ಬೂಟು ಕಳಚಿ ಪಕ್ಕಕ್ಕಿಟ್ಟ. ಒಂದು ಕೈಯನ್ನು ನೆಲಕ್ಕೆ ಊರಿ, ಬಹಳ ಕಷ್ಟದಿಂದ ಮಂಡಿ ಮಡಿಸಿ, ಹಣೆಯನ್ನು ಡಾಂಬರಿಗೆ ಮುಟ್ಟಿಸಿದ. ಎದ್ದ. ಮತ್ತೊಮ್ಮೆ ಬಾಗಿದ. ಸತ್ತವರಿಗೆ ಎರಡು ಸಲ.

ಏಳುವಾಗ ಯೊಂಗ್‌ಬೇ ತೋಳು ಹಿಡಿದ. ಚುನ್‌ಸಿಕ್ ಅವನನ್ನು ಎಳೆದುಕೊಂಡೇ ರಸ್ತೆಯ ಅಂಚಿಗೆ ಹೋಗಿ ನಿಂತ. ಹಿಂದಿನ ಯಾರೋ ಹಳಬನಿಗೆ ಅರ್ಥವಾಗಿರಬೇಕು, ಅವನೂ ಅಂಚಿಗೆ ಸರಿದು ಮಂಡಿಯೂರಿದ. ಆಮೇಲೆ ಇನ್ನೊಬ್ಬ. ಆ ಒಂಬತ್ತರ ಬಟ್ಟೆ ನಡುವೆ ಜೋತು, ಒಂದು ಬದಿಗೆ ಸುತ್ತಿಕೊಂಡು ಹೋಯಿತು. ರಸ್ತೆಯ ನಡುವೆ ಖಾಲಿ ಜಾಗ ಬಿತ್ತು.

"ಹತ್ತಲ್ವಾ ಯಜಮಾನ್ರೇ?" ಎಂದ ಡ್ರೈವರ್.

"ಹೊರಡಿ. ಹೊರೋಕೆ ಇನ್ನೂ ಐದು ಜನ ಇದ್ದಾರೆ ಒಳಗೆ."

ಬಾಗಿಲು ಮುಚ್ಚಿತು. ಬಸ್ಸು ಎಡದ ದೀಪ ಮಿನುಗಿಸುತ್ತಾ, ಬಾಗಿದ ಬೆನ್ನುಗಳ ನಡುವೆ ನಿಧಾನವಾಗಿ ಹಾದು, ತಿರುವಿನಲ್ಲಿ ತಿರುಗಿತು. ಗಾಜಿನ ಹಿಂದೆ ನೀಲಿ ಚೀಲ ಒಂದು ಗಳಿಗೆ ಕಂಡಿತು. ಚುನ್‌ಸಿಕ್ ಕಾಲುಚೀಲದಲ್ಲೇ ನಿಂತಿದ್ದ. ಬಿಳಿ ಕೈಗವಸಿನ ಅಂಗೈ ಎರಡೂ ಕಪ್ಪಾಗಿದ್ದವು.

ಆ ಮಧ್ಯಾಹ್ನ ಹೆಮುನ್‌ನಲ್ಲಿ ಆ ಸಾಲಿನ ಕೊನೆಯ ಪಂದ್ಯವಿತ್ತು. ಅದೇ ಮಧ್ಯಾಹ್ನದ ಹಡಗಿನಲ್ಲಿ ಗಿಲ್ ದೊಕ್‌ಸು, ಹೆಂಡತಿ, ಮಗಳು ಮತ್ತು ಚೀಲದ ಜೊತೆ, ಊರು ಬಿಟ್ಟು ಹೋದ.