ಗಂಡನ ಎಡಮಗ್ಗುಲು

ಸಿದ್ದರಾಮು ಎತ್ತಿದ ಗುದ್ದಲಿಯ ಕಾವನ್ನು ಮಹದೇವು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡ.

“ಬುಡ್ಲಾ. ಹೆಣ ಜಗಲಿ ಮ್ಯಾಲದೆ, ಗುಂಡಿ ಆಗ್ಬೇಕು.”

“ಇಲ್ಲಿ ಬ್ಯಾಡ ಕಣಣ್ಣ. ಕೆಳಗೆ ಕೇಬಲ್ ಅದೆ.”

ಸತ್ತವಳು ಪಟ್ಟಲಮ್ಮ, ಸಿದ್ದರಾಮುವಿನ ಅತ್ತಿಗೆ. ಮುತ್ತತ್ತಿ ಕಾಡಂಚಿನ ಈ ಊರಲ್ಲಿ ಅವಳ ಬಾಯಿಗೆ ಹೆದರದ ಗಂಡಸಿರಲಿಲ್ಲ. ಅವಳ ಗಂಡ ಚಿಕ್ಕಣ್ಣನನ್ನು ಮನೆ ಹಿಂದಿನ ಹೊಲದಲ್ಲೇ ಮಣ್ಣು ಮಾಡಿದ್ದರು. ಅವನ ಬಲಕ್ಕೆ ಬಂಡೆ. ಎಡಮಗ್ಗುಲು ತನ್ನದು ಎಂದು ಪಟ್ಟಲಮ್ಮ ಅವತ್ತೇ ಊರೆದುರು ಹೇಳಿದ್ದಳು. ಈಗ ನೋಡಿದರೆ ಸರ್ಕಾರದ ಇಂಟರ್ನೆಟ್ ಲೈನು ನೋಡಿಕೊಳ್ಳುವ ಮಹದೇವು ಅಲ್ಲೇ ಕೇಬಲ್ ಇದೆ ಎನ್ನುತ್ತಿದ್ದಾನೆ.

“ಹೆಣ ಮಡಗೋ ಜಾಗದಲ್ಲಿ ಕೇಬಲ್ ಹೂಣಾಕೆ ಯಾವನ್ಲಾ ನಿಂಗೆ ಹೇಳ್ದೋನು?”

“ಪಟ್ಟಲಕ್ಕನೇ ಹೇಳಿದ್ದು,” ಎಂದ ಮಹದೇವು. ಮಣ್ಣಿಗೆ ಬಂದವರೆಲ್ಲ ಅವನತ್ತ ತಿರುಗಿದರು. ಅವನು ನಡೆದದ್ದನ್ನು ಹೇಳಿದ.

* * *

ಪಂಚಾಯ್ತಿ ಆಫೀಸಿನಿಂದ ಊರಿಗೆ ಬರುವ ಕೇಬಲ್ಲು ಮೊದಲು ಹೊಲಗಳ ಬದುವಿನಲ್ಲಿತ್ತು. ಒಂದು ಸಲ ಟ್ರ್ಯಾಕ್ಟರು ಅದನ್ನು ಕಿತ್ತಿತು, ಇನ್ನೊಂದು ಸಲ ಜೆಸಿಬಿ. ಕಿತ್ತವರೇ ಸಂಜೆ ಬಂದು ‘ನೆಟ್ ಯಾಕಿಲ್ಲ’ ಎಂದು ಮಹದೇವುವನ್ನು ಬಯ್ಯುತ್ತಿದ್ದರು. ಲೈನು ಹೋದಾಗೆಲ್ಲ ರೇಷನ್ನಿನ ಹೆಬ್ಬೆಟ್ಟು ಒತ್ತಲು ಸಿಗ್ನಲ್ ಹುಡುಕಿಕೊಂಡು ಊರೇ ಬೋರೆಗುಡ್ಡ ಹತ್ತಬೇಕಿತ್ತು. ‘ಮಾಡಿದ್ದುಣ್ಣೋ ಮಹರಾಯ’ ಎಂದು ಪಟ್ಟಲಮ್ಮ ಕಿತ್ತವರ ಮುಖಕ್ಕೇ ಹೇಳುತ್ತಿದ್ದಳು.

ಅವಳ ಸಂಕಟ ಬೇರೆಯೇ ಇತ್ತು. ಅಕ್ಕ ಚಲುವಮ್ಮ ಸೊಂಟ ಮುರಿದುಕೊಂಡು ದುದ್ದದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಸಂಜೆ ಫೋನಿನಲ್ಲಿ ಅಕ್ಕನ ಮುಖ ಕಾಣದಿದ್ದರೆ ಪಟ್ಟಲಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಕಂಡರೆ ಜಗಳ, ಅದು ಬೇರೆ ಮಾತು.

ಒಂದು ದಿನ ಅವಳು ಮಹದೇವುವನ್ನು ಗಂಡನ ಸಮಾಧಿ ಹತ್ತಿರ ಕರೆದುಕೊಂಡು ಬಂದಳು.

“ಇವನ ಮಗ್ಗುಲಲ್ಲಿ ಹೂಣು. ಸಮಾಧಿ ಗುಡ್ಡೆ ಪಕ್ಕ ನೇಗಿಲು ಹೂಡೋ ಗಂಡ್ಸು ಈ ಸೀಮೇಲಿ ಹುಟ್ಟಿಲ್ಲ.”

“ಅದು ನಿನ್ ಜಾಗ ಅಲ್ವಾ ಅಕ್ಕ?”

“ನಾನೇನ್ ನಾಳೆನೇ ಸಾಯ್ತೀನೇನ್ಲಾ? ಮಾತ್ ಕಮ್ಮಿ ಮಾಡಿ ಮಣ್ಣು ತಗಿ.”

ಆಮೇಲೆ ಲೈನು ಕಡಿದದ್ದೇ ಇಲ್ಲ. ಕೇಬಲ್ಲಿನ ಪೈಪು ಹೋದ ಸಾಲಿಗೆ ಅವಳು ಕನಕಾಂಬರ ನೆಟ್ಟಳು. ವೈಫೈ ಡಬ್ಬಿ ಅವಳ ಮನೆ ಗೋಡೆಯಲ್ಲೇ ಇತ್ತು. ದಿನಾ ಸಂಜೆ ಹೂ ಬಿಡಿಸುತ್ತ, ಅಲ್ಲೇ ಕೂತು ಅಕ್ಕನನ್ನು ಬಯ್ಯುತ್ತಿದ್ದಳು.

* * *

“ಅದೆಲ್ಲ ಇರ್ಲಿ,” ಎಂದ ಸಿದ್ದರಾಮು. “ಕಿತ್ ಬಿಸಾಕು, ಆಮೇಲೆ ಬೇರೆ ಕಡೆ ಹಾಕ್ಕಳನ. ನಾಕ್ ದಿನ ನೆಟ್ ಇಲ್ದಿದ್ರೆ ಊರೇನ್ ಮುಳ್ಗೋಯ್ತದಾ? ನಮ್ಮತ್ಗೆ ಕೇಳಿದ್ದು ಅದೊಂದೇ ಜಾಗ.” ಎಲ್ಲರೂ ನಾಗಶ್ರೀಯ ಮುಖ ನೋಡಿದರು. ಪಟ್ಟಲಮ್ಮನಿಗೆ ಇದ್ದವಳು ಅವಳೊಬ್ಬಳೇ ಮಗಳು.

ಅತ್ತು ಅತ್ತು ನಾಗಶ್ರೀಯ ಮುಖ ಊದಿತ್ತು. ಅವ್ವನನ್ನು ಅಪ್ಪನ ಪಕ್ಕದಲ್ಲೇ ಮಲಗಿಸಬೇಕೆಂದು ಅವಳಿಗೂ ಆಸೆಯಿತ್ತು. ಆದರೆ ಕೈಯಲ್ಲಿದ್ದ ಫೋನಿನಲ್ಲಿ ದುದ್ದದ ದೊಡ್ಡಮ್ಮ ಚಲುವಮ್ಮ ತಂಗಿಯ ಮಣ್ಣು ನೋಡಲು ಬೆಳಗಿನಿಂದ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು.

“ಕಿತ್ರೆ ಈಗ್ಲೇ ದೊಡ್ಡವ್ವಂಗೆ ಕಾಣಂಗಿಲ್ಲ. ಅವ್ವ ನನ್ ಸುಮ್ನೆ ಬುಟ್ಟಾಳಾ ಚಿಕ್ಕಪ್ಪ? ಹೂವಿನ ಸಾಲಿಂದ ಆಚೆಗೆ ತಗೀರಿ.”

“ಗಂಡ ಹೆಂಡ್ತಿ ಮಧ್ಯೆ ಬೇಲಿ ಆಕ್ದಂಗಾಯ್ತದಲ್ಲವ್ವ.”

“ಅಪ್ಪ ಜಗಲಿ ಮ್ಯಾಲೆ ಮಲಗ್ತಿದ್ದ, ಅವ್ವ ನಡುಮನೇಲಿ. ಅಷ್ಟೇ ದೂರ ಬುಡು.”

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ನಕ್ಕುಬಿಟ್ಟರು. ಸಿದ್ದರಾಮು ಟವೆಲಿನಿಂದ ಮುಖ ಒರೆಸಿಕೊಂಡ, ಗುದ್ದಲಿ ಹೆಗಲಿಗಿಟ್ಟು ಕನಕಾಂಬರದ ಸಾಲು ದಾಟಿದ. ಮಹದೇವು ಹಾರೆ ತೆಗೆದುಕೊಂಡು ಅವನ ಹಿಂದೆ ಹೋದ. ಮಣ್ಣು ಮೆತ್ತಗಿತ್ತು, ಗುಂಡಿ ಬೇಗ ಆಯಿತು.

ಪಟ್ಟಲಮ್ಮನನ್ನು ಇಳಿಸಿದರು. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ನಾಗಶ್ರೀ ತನ್ನ ಹಿಡಿ ಹಾಕಿ, ಫೋನನ್ನು ಗುಂಡಿಯ ಮೇಲೆ ಹಿಡಿದಳು.

“ಅವನ ಮಗ್ಗುಲಲ್ಲಿ ಮಡಗ್ನಿಲ್ವಾ ಮಗ?” ಚಲುವಮ್ಮನ ದನಿ ಬಂತು.

“ಇಲ್ಲ ದೊಡ್ಡವ್ವ. ಅಲ್ಲಿ ನಿನ್ ಲೈನ್ ಅದೆ. ಅವ್ವನೇ ಬುಟ್ಕೊಟ್ಟವ್ಳೆ.”

“ಒಂದಿನಾನೂ ಹೇಳ್ನಿಲ್ವಲ್ಲ, ಮುಂಡೇದು,” ಎಂದಳು ಚಲುವಮ್ಮ. ಆಮೇಲೆ ಫೋನನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟಳು. ನಾಗಶ್ರೀಯ ಫೋನಿನಲ್ಲಿ ಅಲ್ಲಿನ ಮಾಡಿನ ಹೆಂಚು ಕಂಡವು, ಅವಳ ಒದ್ದೆ ಮುಖ ಬಾಗಿತು, ಮುಷ್ಟಿ ಮುಂದೆ ಬಂತು. ಸೊಸೆ ಹಿತ್ತಿಲಿಂದ ತಂದುಕೊಟ್ಟ ಮಣ್ಣನ್ನು ಚಲುವಮ್ಮ ತಂಗಿಗೆಂದು ಬೆಳಗಿನಿಂದ ಹಿಡಿದೇ ಇದ್ದಳು. ಮುಷ್ಟಿ ಬಿಚ್ಚಿತು. ನಾಗಶ್ರೀಯ ಕೈಯಲ್ಲಿದ್ದ ಫೋನಿನೊಳಗೆ ದುದ್ದದ ಕೆಂಪು ಮಣ್ಣು ಉದುರಿ, ಅಕ್ಕನ ಮುಖವನ್ನು ನಿಧಾನಕ್ಕೆ ಮುಚ್ಚಿತು.