ಸೇದದೆ ಉಳಿಸಿದ ಏಳು

ಮೂರನೇ ಮಹಡಿಯಿಂದ ಇಳಿಸುವಾಗ ಎರಡನೇ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಮುಂದೆ ಮಗ ಮತ್ತು ಶವದ ಗಾಡಿಯ ಡ್ರೈವರ್, ಹಿಂದೆ ಸೋದರಮಾವ ಮತ್ತು ಎದುರುಮನೆಯ ಎಲೆಕ್ಟ್ರಿಷಿಯನ್. ಎತ್ತಿದರೆ ಕಂಬಿಗೆ ತಾಗುತ್ತಿತ್ತು, ಓರೆ ಮಾಡಿದರೆ ಗೋಡೆಗೆ. ನಾಲ್ವರೂ ಉಸಿರು ಬಿಗಿಹಿಡಿದು ನಿಂತರು.

ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಅಪ್ಪ, ಲಿಫ್ಟಿಲ್ಲದ ಈ ಕಟ್ಟಡದಲ್ಲಿ ಇಪ್ಪತ್ತನಾಲ್ಕು ವರ್ಷ ಹೆಂಡತಿಯನ್ನು ಹತ್ತಿಸಿ ಇಳಿಸಿದ್ದ. ಇವತ್ತೂ ಅವನ ಕೈಯಲ್ಲಿ ಭಾರವೇನೂ ಇರಲಿಲ್ಲ. ಚಿತಾಗಾರದ ಫಾರಂಗೆ ಅಮ್ಮನ ಗುರುತಿನ ಚೀಟಿ ಬೇಕಿತ್ತು. ನಾಲ್ಕು ಮೆಟ್ಟಿಲು ಕೆಳಗೆ ನಿಂತು ಅವಳ ಪರ್ಸನ್ನು ತಡಕುತ್ತಿದ್ದ. ಗುಳಿಗೆಯ ಪಟ್ಟಿ ಬಂತು, ಬಾಚಣಿಗೆ ಬಂತು, ಬಿಳಿ ದಾರದ ಉಂಡೆ ಬಂತು. ಆಮೇಲೆ ಸಿಗರೇಟಿನ ಪ್ಯಾಕೆಟ್ಟು ಬಂತು.

ಅಪ್ಪ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನೋಡಿ. ಕಣ್ತುಂಬಾ ನೋಡ್ಕೊಳ್ಳಿ. ನಾನು ಹೇಳಿದ್ರೆ ಯಾರು ನಂಬ್ತಿದ್ರಿ?"

ಮೇಲಿನ ಮೆಟ್ಟಿಲಿನಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಸೆರಗು ಬಾಯಿಗಿಟ್ಟುಕೊಂಡು ಆಪರೇಷನ್ ಆದಮೇಲೂನಾ ಎಂದು ಕೇಳಿದಳು.

"ಆದ್ಮೇಲೂ ಅಕ್ಕ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಳ್ತಿದ್ಲು. ಬಿಡು ಮಾರಾಯ್ತಿ ಅಂತ ಕೈ ಮುಗಿದಿದ್ದೀನಿ ನಾನು. ಕೇಳ್ಬೇಕಲ್ಲ."

ಪ್ಯಾಕೆಟ್ಟಿನ ಮುಚ್ಚಳದ ಮೇಲೆ ಕಪ್ಪು ಶಾಯಿಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ "ಬಲ – 9" ಎಂದು ಬರೆದಿದ್ದು ಮಗನಿಗೆ ಕಂಡಿತು. ಅರ್ಥವಾಗಲಿಲ್ಲ. ಅವನು ಟೈರ್ ಅಂಗಡಿಯಲ್ಲಿ ಲಾರಿಯ ಚಕ್ರವನ್ನು ಒಬ್ಬನೇ ಬಿಚ್ಚುವವನು. ಈಗ ಕೈಬಿಟ್ಟರೆ ಅಮ್ಮ ಬೀಳುತ್ತಿದ್ದಳು. ಅದೊಂದೇ ಕಾರಣಕ್ಕೆ ಅವತ್ತು ಬೆಳಿಗ್ಗೆ ಅಪ್ಪನ ಹಲ್ಲು ಉಳಿಯಿತು.

ಆದರೆ ಅವನಿಗೆ ಸಿಟ್ಟು ಬಂದದ್ದು ಅಪ್ಪನ ಮೇಲಷ್ಟೇ ಅಲ್ಲ. ಪ್ಯಾಕೆಟ್ಟು ಕಂಡ ಕ್ಷಣ ಅವನೂ ನಂಬಿಬಿಟ್ಟಿದ್ದ.

*

ಅಮ್ಮ ಸಿಗರೇಟು ಕಲಿತದ್ದು ಆಕಾಶ ನೋಡುವುದಕ್ಕೆ. ಯೂನಿಫಾರಂ ಹೊಲಿಯುವ ಫ್ಯಾಕ್ಟರಿಯಲ್ಲಿ ಅವಳು ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಜಾ ಮಿಷನ್ ಮೇಲೆ ಕೂತಳು. ಒಂದು ಶರಟಿಗೆ ಏಳು ಕಾಜಾ, ಬೆಳಿಗ್ಗೆಯಿಂದ ಸಂಜೆಯ ತನಕ ಗುಂಡಿಗೆಂದು ಬಟ್ಟೆಗೆ ತೂತು ಕೊರೆದು ಅಂಚು ಕಟ್ಟುವುದು. ಹತ್ತಿಯ ಧೂಳು ತುಂಬಿದ ಆ ಶೆಡ್ಡಿನಲ್ಲಿ ಬೆಂಕಿಯ ಭಯ. ಅದಕ್ಕೇ ಸೇದುವವರನ್ನು ಮಾತ್ರ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ, ಹೊರಗೆ ಬಿಡುತ್ತಿದ್ದರು. ಸೇದದವರಿಗೆ ಹೊರಗೇನು ಕೆಲಸ ಎಂದು ಸೂಪರ್‌ವೈಸರ್ ಕೇಳುತ್ತಿದ್ದ.

ಇಸ್ತ್ರಿ ಮಾಡುವ ಹೆಂಗಸೊಬ್ಬಳು ಅಮ್ಮನ ಕೈಗೆ ಮೊದಲನೆಯದನ್ನು ಕೊಟ್ಟು, ಸೇದೇ, ಇಲ್ದಿದ್ರೆ ಬಿಸಿಲು ನೋಡೋಕೆ ಭಾನುವಾರ ಬರ್ಬೇಕು ಅಂದಳಂತೆ. ಮೂವತ್ತು ವರ್ಷ ಅಮ್ಮ ಬಿಸಿಲು ನೋಡಿದಳು. ಎಡಗಡೆಯ ಎದೆಯ ಗಡ್ಡೆ ಅವಳ ಕೈಗೆ ಸಿಕ್ಕಿದ್ದೂ ಅಂಥದೊಂದು ಹತ್ತು ನಿಮಿಷದಲ್ಲಿ, ಲೈಟರ್ ಹುಡುಕಲು ರವಿಕೆಯೊಳಗೆ ಬೆರಳು ಹಾಕಿದಾಗ.

*

ಚಿತಾಗಾರದ ಹಾಲಿನಲ್ಲಿ ಟೋಕನ್ ಕೊಟ್ಟಿದ್ದರು. ಇವರದು ಹನ್ನೊಂದು, ಒಳಗೆ ನಡೆಯುತ್ತಿದ್ದದ್ದು ಎಂಟು. ಸಿಮೆಂಟಿನ ಬೆಂಚು, ನೀರಿನ ಡ್ರಮ್ಮು, ಗೋಡೆಯ ಮೇಲೆ ಧೂಮಪಾನ ನಿಷೇಧಿಸಿದೆ ಎಂಬ ಬೋರ್ಡು. ಕಿಟಕಿಯಿಂದ ಹೊಗೆ ಬಿಡುವ ಚಿಮಣಿ ಕಾಣುತ್ತಿತ್ತು.

"ಈ ಬೋರ್ಡನ್ನ ಅದಕ್ಕೆ ಹೋಗಿ ತೋರ್ಸಿ ಮೊದ್ಲು," ಎಂದಳು ಫ್ಯಾಕ್ಟರಿಯಿಂದ ಬಂದಿದ್ದ ಮೂವರು ಹೆಂಗಸರಲ್ಲಿ ಹಿರಿಯವಳು. ಉಳಿದಿಬ್ಬರು ನಗು ತಡೆಯಲಾರದೆ ಮುಖ ತಿರುಗಿಸಿದರು. ಅಮ್ಮನಿದ್ದಿದ್ದರೆ ಅವಳೇ ಹೇಳುತ್ತಿದ್ದ ಮಾತು ಅದು.

ಎಲ್ಲರೂ ಅಂಗಳದ ಬೇಲಿಯ ಹತ್ತಿರ ಹೋಗಿ ನಿಂತರು. ಅಪ್ಪನ ಮಾತು ನಿಂತಿರಲಿಲ್ಲ. ಬಂದವರಿಗೆಲ್ಲ ಮೊದಲಿನಿಂದ ಶುರು ಮಾಡುತ್ತಿದ್ದ. ಡಾಕ್ಟರು ಎಷ್ಟು ಹೇಳಿದರು, ತಾನು ಎಷ್ಟು ಬೇಡಿಕೊಂಡೆ, ಅವಳು ಹೇಗೆ ಕದ್ದು ಸೇದಿ ರೋಗವನ್ನು ವಾಪಸ್ಸು ಕರೆದುಕೊಂಡಳು. ಅತ್ತೆ ಅವನ ಹೆಗಲ ಮೇಲೆ ಕೈಯಿಟ್ಟು, ನೀನೇನು ಮಾಡೋಕಾಗುತ್ತೆ, ಅವಳ ಹಟ ಗೊತ್ತಲ್ಲ ಎನ್ನುತ್ತಿದ್ದಳು. ಅಪ್ಪನ ಸ್ವಂತ ಪ್ಯಾಕೆಟ್ಟು ಗಾಡಿಯಲ್ಲೇ ಮುಗಿದಿತ್ತು. ಈಗ ಅಮ್ಮನ ಪರ್ಸಿನದನ್ನು ಸೇದುತ್ತಿದ್ದ.

"ಹಳೇ ಮಾಲು," ಎಂದು ಕೆಮ್ಮಿದ. "ಒಣಗಿ ಹುಲ್ಲಾಗಿದೆ. ಯಾವ ಕಾಲದ್ದೋ."

ಮಗ ತಲೆ ಎತ್ತಿದ. ಕದ್ದು ಸೇದುವವರ ಪ್ಯಾಕೆಟ್ಟು ಹಳೆಯದಾಗುವುದು ಹೇಗೆ? ಸೋದರಮಾವ ಅವನ ರಟ್ಟೆ ಹಿಡಿದೇ ನಿಂತಿದ್ದ. ಅಕ್ಕನನ್ನು ಒಳಗೆ ಕಳಿಸೋವರೆಗೂ ಕೈ ಎತ್ತಬೇಡ, ಆಮೇಲೆ ನಾನೇ ಹಿಡ್ಕೊಳ್ತೀನಿ, ನೀನು ಹೊಡಿ ಎಂದು ಗಾಡಿಯಲ್ಲೇ ಒಪ್ಪಂದವಾಗಿತ್ತು.

*

ಆಪರೇಷನ್ ಆಗಿ ಬಂದ ವಾರ ಅಮ್ಮನ ಕಂಕುಳ ಪಕ್ಕದಿಂದ ಒಂದು ಕೊಳವೆ ಇಳಿಬಿದ್ದಿತ್ತು. ಕೊನೆಯಲ್ಲಿ ಸಣ್ಣ ಬಾಟಲಿ, ಅದರಲ್ಲಿ ಕೆಂಪು ನೀರು. ಅದನ್ನು ಅಳೆದು ಚೆಲ್ಲುವುದು ಮಗನ ಕೆಲಸ. ಎಡಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಹತ್ತಿಸಿ ದಿನಕ್ಕಿಷ್ಟು ಎಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಸಿಗರೇಟು ಬಿಟ್ಟರೆ ಗಾಯ ಬೇಗ ಮಾಯುತ್ತೆ ಎಂದಿದ್ದರು. ಬಿಟ್ಟಿದ್ದಳು.

ಅಪ್ಪ ಅದೇ ಕೋಣೆಯಲ್ಲಿ, ಅದೇ ಮಂಚದ ತುದಿಯಲ್ಲಿ ಕೂತು ಸೇದುತ್ತಿದ್ದ. ಬಾಲ್ಕನಿಗೆ ಹೋಗು ಎಂದರೆ ಯಾರ ಮನೆ ಇದು ಎನ್ನುತ್ತಿದ್ದ. ಇವಳು ಒಂದು ತಿಂಗಳು ತಡೆದರೆ ಮೀಸೆ ಬೋಳಿಸ್ತೀನಿ ಎಂದು ಗೆಳೆಯರ ಮುಂದೆ ಹೇಳಿದ. ತಿಂಗಳಾಯಿತು, ಮೀಸೆ ಹಾಗೇ ಇತ್ತು. ಅಮ್ಮನಿಗೆ ಆಗಾಗ ತಡೆಯುವುದು ಕಷ್ಟವಾಗುತ್ತಿತ್ತು. ಆಗ ಮೊಬೈಲು ಹಿಡಿದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕುತ್ತಿದ್ದಳು. ನಾಲ್ಕೈದು ನಿಮಿಷ ಪಿಸುಪಿಸು. ಒಮ್ಮೊಮ್ಮೆ ನಗು.

ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಮಗ ಬಗ್ಗಿ ಅವಳ ಬೆರಳು ಮೂಸಿದ. ಆಮೇಲೆ ಕೂದಲು. ಕೂದಲಲ್ಲಿ ಹೊಗೆಯ ವಾಸನೆ ಇತ್ತು. ಆ ಕೋಣೆಯಲ್ಲಿ ದಿಂಬಿಗೂ ಇತ್ತು, ಪರದೆಗೂ ಇತ್ತು. ಅವನಿಗೆ ಅದು ಹೊಳೆಯಲಿಲ್ಲ.

ಅಮ್ಮ ಕಣ್ಣು ಬಿಟ್ಟಿದ್ದಳು. "ನೀನೂನಾ?" ಎಂದಳು. ಅಷ್ಟೇ. ಗೋಡೆಯ ಕಡೆ ಹೊರಳಿದಳು, ಗಾಯದ ಕಡೆಗೆ ಹೊರಳಬಾರದು ಎಂಬುದನ್ನೂ ಮರೆತು.

*

ಟೋಕನ್ ಹತ್ತು ಒಳಗೆ ಹೋಗುವಾಗ ಆಟೋದಿಂದ ಒಬ್ಬ ಹೆಂಗಸು ಇಳಿದಳು. ಕುಳ್ಳಗೆ, ತಲೆಗೆ ಉಣ್ಣೆಯ ಟೋಪಿ, ಬಲಗೈಗೆ ಬಾವು ತಡೆಯುವ, ಬಿಗಿಯಾದ ಮಾಸಲು ಬಣ್ಣದ ತೋಳುಪಟ್ಟಿ. ಯಾರನ್ನೂ ವಿಚಾರಿಸದೆ ನೇರವಾಗಿ ಮಗನ ಮುಂದೆ ಬಂದು ನಿಂತಳು.

"ಟೈರ್ ಅಂಗಡಿ ನೀನೇ ತಾನೆ? ಉಗುರಲ್ಲಿ ಗ್ರೀಸು ಇರುತ್ತೆ ಅಂದಿದ್ಲು." ಅವನ ಕೈ ನೋಡಿ ತಲೆಯಾಡಿಸಿದಳು. "ನಾನು ಬಲಗಡೆ."

ಅವನಿಗೆ ಗೊತ್ತಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಆಸ್ಪತ್ರೆಯಲ್ಲಿ ಮಂಗಳವಾರ ಮಧ್ಯಾಹ್ನ ಎಕ್ಸ್‌ರೇ ಕೋಣೆಯ ಪಕ್ಕ ಹತ್ತು ಕುರ್ಚಿ ಹಾಕಿ, ಸಿಗರೇಟು ಬಿಡಬೇಕಾದವರನ್ನು ಕೂರಿಸುತ್ತಿದ್ದರು. ಒಬ್ಬರಿಗೊಬ್ಬರು ಜೊತೆ. ಸೇದಬೇಕು ಅನ್ನಿಸಿದ ಕೂಡಲೇ ಜೊತೆಯವರಿಗೆ ಫೋನು ಮಾಡಬೇಕು, ಆಸೆ ಇಳಿಯುವವರೆಗೆ ಅವರು ಮಾತಾಡಿಸಬೇಕು. ಅಮ್ಮನಿಗೆ ಎಡಗಡೆ ತೆಗೆದಿದ್ದರು, ಇವಳಿಗೆ ಬಲಗಡೆ. ಅದೇ ಹೆಸರಾಯಿತು. ಮಕ್ಕಳ ಮುಖ ನೆನೆಸಿಕೊಳ್ಳಿ ಎಂದು ನರ್ಸು ಹೇಳಿಕೊಟ್ಟಿದ್ದಳಂತೆ.

"ಮಕ್ಕಳ ಮುಖ ನೆನೆದ್ರೆ ನಮಗೆ ಇನ್ನೂ ಸೇದ್ಬೇಕು ಅನ್ಸೋದು. ನಿಮ್ಮಮ್ಮ ಬೇರೆ ದಾರಿ ಕಂಡ್ಕೊಂಡ್ಲು. ಸೋಲ್ಸಬೇಕಾದವರ ಮುಖ ನೆನೆಯೋದು. ಅವಳು ನಿಮ್ಮಪ್ಪನ್ನ ಬೈಯೋಳು, ನಾನು ನನ್ನ ಓನರ್ನ. ನಾಲ್ಕು ನಿಮಿಷ ಬೈದ್ರೆ ಯಾವ ಸಿಗರೇಟೂ ಬೇಕಾಗ್ತಿರ್ಲಿಲ್ಲ."

ಬಾತ್‌ರೂಮಿನ ಚಿಲಕದ ಸದ್ದು ಮಗನ ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

ಮೊದಲ ಮಂಗಳವಾರ ಎಲ್ಲರೂ ತಮ್ಮ ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿದರು, ಇವರಿಬ್ಬರಿಗೆ ಮನಸ್ಸು ಬರಲಿಲ್ಲ. ಅದಲುಬದಲು ಮಾಡಿಕೊಂಡರು. ನಿನ್ನದು ನನ್ನ ಹತ್ತಿರ, ನನ್ನದು ನಿನ್ನ ಹತ್ತಿರ. ತನ್ನದಾದರೆ ಕದಿಯಬಹುದು, ಇನ್ನೊಬ್ಬಳದನ್ನು ಮುಟ್ಟಿದರೆ ಮಾನ ಹೋಗುತ್ತದೆ.

"ನನ್ನವು ಒಂಬತ್ತು ನಿಮ್ಮಮ್ಮನ ಪರ್ಸಲ್ಲಿವೆ. ಇಸ್ಕೊಂಡು ಹೋಗೋಣ ಅಂತ ಬಂದೆ."

ಮಗ ಬೇಲಿಯ ಕಡೆ ಕೈ ತೋರಿಸಿದ. ಅಪ್ಪ ನಾಲ್ಕನೆಯದನ್ನು ಚಪ್ಪಲಿಯಿಂದ ಹೊಸಕುತ್ತಿದ್ದ. ಐದನೆಯದು ಆಗಲೇ ಎಲೆಕ್ಟ್ರಿಷಿಯನ್ ಬಾಯಲ್ಲಿತ್ತು.

ಬಲಗಡೆಯವಳು ಅತ್ತ ನೋಡಿದಳು. "ಹದಿನಾಲ್ಕು ತಿಂಗಳು ಅವಳು ಮುಟ್ಟದೆ ಕಾದಿದ್ದು," ಎಂದಳು. ಆಮೇಲೆ ಕೈಚೀಲದಿಂದ ಇನ್ನೊಂದು ಪ್ಯಾಕೆಟ್ಟು ತೆಗೆದು ಅವನ ಅಂಗೈಯಲ್ಲಿಟ್ಟಳು. ಮುಚ್ಚಳದ ಮೇಲೆ ಅದೇ ಇರುವೆ ಅಕ್ಷರ. "ಎಡ – 7".

ಅವನು ತೆರೆದ. ಏಳಿತ್ತು. ಒಂದನ್ನು ಎಳೆದು ನೋಡಿದ. ಬಿಳಿ ಕಾಗದದ ಮೇಲೆ ಬೆಂಕಿ ಹಚ್ಚುವ ತುದಿಯಿಂದ ಫಿಲ್ಟರಿನವರೆಗೆ ಒಂದೇ ಸಾಲು. ಮೊದಲು ತಾರೀಕು, ಆಮೇಲೆ ಅಪ್ಪನ ಮಾತು. *ಅರ್ಧ ಹೆಂಗಸಿನ ಜೊತೆ ನಾನೇನು ಮಾಡ್ಲಿ.* ಇನ್ನೊಂದು: *ಸಾಯೋಳಿಗೆ ಯಾಕೆ ಈ ಶೋಕಿ.* ಮತ್ತೊಂದು: *ಒಂದು ತಿಂಗಳು ತಡೆಯಲ್ಲ ಇವಳು.*

"ನಾನು ಲ್ಯಾಬಲ್ಲಿ ಗಾಜಿನ ಪಟ್ಟಿಗಳ ಮೇಲೆ ಸಣ್ಣಕ್ಷರದಲ್ಲಿ ಹೆಸರು ಬರೆಯೋಳು. ಅವಳು ಫೋನಲ್ಲಿ ಹೇಳೋಳು, ನಾನು ಬರೆಯೋಳು. ದಿನಾ ಒಂದಿರ್ತಿತ್ತು. ಏಳರಲ್ಲಿ ಹಿಡಿಯೋಷ್ಟು ಆರಿಸಿದ್ವಿ. ಏಳು ಕಾಜಾ ಆದ್ರೆ ಒಂದು ಶರಟು ಪೂರ್ತಿ, ನಾನು ಹೋದ್ಮೇಲೆ ಅವನಿಗೇ ತೊಡಿಸು ಅಂದಿದ್ಲು." ಅವಳು ತೋಳುಪಟ್ಟಿ ಸರಿಪಡಿಸಿಕೊಂಡಳು. "ಆ ಅರ್ಧ ಹೆಂಗಸು ಅಂದಿದ್ದನ್ನ ಬರೆಸಿದ ದಿನ ಎಷ್ಟು ನಕ್ಕಿದ್ಲು ಗೊತ್ತಾ. ನಾವಿಬ್ರೂ ಪಕ್ಕಪಕ್ಕ ಕೂತ್ರೆ ಒಬ್ಬಳು ಪೂರಾ ಹೆಂಗಸು ಬಿಡೇ ಅಂತ."

ಮಗ ಎಳೆದದ್ದನ್ನು ವಾಪಸ್ಸು ಪ್ಯಾಕೆಟ್ಟಿಗೆ ಸೇರಿಸಿದ. "ಒಂದೂ ಸೇದಲಿಲ್ವಾ ಅವಳು?"

"ನಿಂಗೂ ಅನುಮಾನಾನಾ?"

ಅವನು ನೆಲ ನೋಡಿದ. ಬಲಗಡೆಯವಳು ಅದನ್ನು ಬೆಳೆಸಲಿಲ್ಲ. ಇದನ್ನ ನಿಮ್ಮಪ್ಪನಿಗೆ ನಾನೇ ಕೊಡೋಣ ಅಂತ ಬಂದೆ, ಅವನು ನನ್ನದನ್ನ ಸೇದೋದು ನೋಡಿ ಹತ್ತಿರ ಹೋಗೋಕಾಗ್ತಿಲ್ಲ ಎಂದಳು. ಸಿಟ್ಟಿಗೋ ಆಸೆಗೋ ಅವಳಿಗೇ ಗೊತ್ತಿರಲಿಲ್ಲ. "ಈಗ ಯಾರಿಗೆ ಫೋನು ಮಾಡೋದು ನಾನು?"

"ನನಗೆ ಮಾಡಿ," ಎಂದ ಮಗ. "ಬೈಯೋದು ನನಗೂ ಬರುತ್ತೆ."

*

ಅವನು ಬೇಲಿಯ ಹತ್ತಿರ ಹೋಗುವಾಗ ಸೋದರಮಾವ ಹಿಂದೆಯೇ ಬಂದ, ಈಗಲೇ ಬೇಡ ಎಂದು ಪಿಸುಗುಟ್ಟಿದ. ಮಗ ಕೈ ಎತ್ತಲಿಲ್ಲ. ಪ್ಯಾಕೆಟ್ಟನ್ನು ಮಾವನ ಮುಂದೆ ಹಿಡಿದ. ಮಾವ ಒಂದನ್ನು ತೆಗೆದುಕೊಂಡು ತುಟಿಗಿಡಲು ಹೋಗಿ, ನಿಂತು, ಕಣ್ಣಿಗೆ ಹತ್ತಿರ ಹಿಡಿದ. ಅವನ ಕೈ ಕೆಳಗಿಳಿಯಿತು. ಎಲೆಕ್ಟ್ರಿಷಿಯನ್‌ಗೆ ಒಂದು. ಫ್ಯಾಕ್ಟರಿಯ ಮೂವರಿಗೆ ಒಂದೊಂದು. ಹಿರಿಯವಳು ಓದಿ, ಬೇಲಿಯಾಚೆ ಉಗುಳಿದಳು. ಅತ್ತೆಗೆ ಕೊಟ್ಟಾಗ, ನಾನೆಲ್ಲೋ ಸೇದೋದು ಎಂದಳು. ಸೇದೋಕಲ್ಲ ಅತ್ತೆ, ಇಟ್ಕೊಳ್ಳಿ ಎಂದ.

ಒಂದು ಉಳಿಯಿತು. ಅದನ್ನು ಅವನು ಮೊದಲೇ ಆರಿಸಿಟ್ಟಿದ್ದ.

"ಅಪ್ಪ, ತಗೋ."

ಅಪ್ಪನ ಕನ್ನಡಕ ಫಾರಂ ತುಂಬಿದ ಕೌಂಟರಿನ ಮೇಲೇ ಉಳಿದಿತ್ತು. ಮಗ ತಾನಾಗಿ ಬಂದು ಕೊಟ್ಟದ್ದಕ್ಕೆ ಅವನ ಮುಖ ಅರಳಿತು. "ಎಲ್ಲಿತ್ತೋ ಇದು?"

"ಅಮ್ಮಂದು."

"ನೋಡಿದ್ರಾ?" ಅಪ್ಪ ಎಲ್ಲರ ಕಡೆ ತಿರುಗಿದ. "ಇನ್ನೊಂದು ಪ್ಯಾಕೆಟ್ಟು ಬೇರೆ ಇಟ್ಟಿದ್ಲು."

ಬಾಯಿಗಿಟ್ಟುಕೊಂಡ. ಮಗ ಎರಡು ಬೆರಳಲ್ಲಿ ಆ ಸಿಗರೇಟನ್ನು ಸ್ವಲ್ಪ ಹೊರಳಿಸಿದ, ಅಕ್ಷರ ಹೊರಗೆ ಕಾಣುವ ಹಾಗೆ. ಆಮೇಲೆ ಕಡ್ಡಿ ಗೀರಿ, ಗಾಳಿಗೆ ಅಂಗೈ ಅಡ್ಡ ಹಿಡಿದು, ಹಚ್ಚಿದ.

ಅಪ್ಪ ಉದ್ದಕ್ಕೆ ಎಳೆದು ಮತ್ತೆ ಮೊದಲಿನಿಂದ ಶುರು ಮಾಡಿದ. ಎಷ್ಟು ಬೇಡಿಕೊಂಡೆ, ಎಷ್ಟು ಕೈಮುಗಿದೆ. ಸಿಗರೇಟು ತುಟಿಯ ಮೂಲೆಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಅವನನ್ನು ಕೇಳಿಸಿಕೊಳ್ಳುತ್ತಿದ್ದವರ ಕಣ್ಣೆಲ್ಲ ಆ ಎರಡು ಬೆರಳಷ್ಟು ಕಾಗದದ ಮೇಲಿತ್ತು. ಅತ್ತೆ ಶಾಲೆಯ ಹುಡುಗಿಯ ಹಾಗೆ ತುಟಿ ಆಡಿಸುತ್ತ ಓದಿದಳು. *ಒಂದು ದಮ್ಮು ಎಳಿ, ಯಾರಿಗೂ ಹೇಳಲ್ಲ.* ತಮ್ಮನ ಹೆಗಲ ಮೇಲಿದ್ದ ಕೈಯನ್ನು ತೆಗೆದು ಸೀರೆಗೆ ಒರೆಸಿಕೊಂಡಳು.

"ಹನ್ನೊಂದು," ಎಂದು ಒಳಗಿನಿಂದ ಕೂಗಿದರು.

ನಡೀರಿ ಎಂದ ಅಪ್ಪ. ಯಾರೂ ಅವನ ಜೊತೆ ಹೆಜ್ಜೆ ಎತ್ತಲಿಲ್ಲ. ಯಾಕೆ ಹೀಗೆ ನೋಡ್ತಿದೀರಾ ಎಂದು ಕೇಳಿದ, ಒಬ್ಬೊಬ್ಬರ ಮುಖವನ್ನೂ ನೋಡುತ್ತ. ಕೆಂಡ ತಾರೀಕನ್ನು ತಿಂದಿತ್ತು, ದಮ್ಮನ್ನು ತಿಂದಿತ್ತು. ಅವನು ಇನ್ನೊಮ್ಮೆ ಎಳೆದ. ತುಟಿಯ ಹತ್ತಿರ "ಹೇಳಲ್ಲ" ಎಂಬುದೊಂದೇ ಉಳಿದಿತ್ತು.