ನೋರೀನ್ ಬಾಯಿ ಮುಚ್ಚಿಕೊಂಡ ಭಾನುವಾರ

ಭಾನುವಾರ ಬೆಳಿಗ್ಗೆ ನೋರೀನ್ ಸಗ್ಡನ್ ಸಂಜೆಯ ಊಟಕ್ಕೆಂದು ದನದ ಮಾಂಸಕ್ಕೆ ಉಪ್ಪು ಸವರುತ್ತಿದ್ದಾಗ ಮಗಳು ಕರ್ಸ್ಟಿ ಫೋನ್ ಮಾಡಿ, ತಾನು ಮದುವೆಯಾಗಲಿರುವವನ ಬಗ್ಗೆ ಇಷ್ಟು ದಿನ ಮುಚ್ಚಿಟ್ಟಿದ್ದ ಗುಟ್ಟನ್ನು ಬಾಯಿಬಿಟ್ಟಳು.

"ಅಮ್ಮಾ, ಡಾರಿಲ್ ಬಾಯ್ಲರ್ ರಿಪೇರಿ ಮಾಡ್ತಾನೆ ಅಂದಿದ್ನಲ್ಲ, ಅದು ನಿಜಾನೇ. ಆದ್ರೆ ಭಾನುವಾರ ಮಾತ್ರ ಅವನು... ರೆಫರಿ."

ನೋರೀನ್ ಕುರ್ಚಿ ಎಳೆದುಕೊಂಡು ಕುಸಿದಳು. "ಆ ಡಾರಿಲ್ ಮಿಡ್ಗ್ಲೀನಾ? ಜೈಲಿಗೆ ಹೋಗಿ ಬಂದೋನು ಅಂದಿದ್ರೂ ತಡ್ಕೊಳ್ತಿದ್ದೆ ಕಣೇ!"

"ಇನ್ನೂ ಇದೆ ಕೇಳು. ಇವತ್ತು ಬರಬೇಕಾಗಿದ್ದ ರೆಫರಿಗೆ ಸೊಂಟ ಹಿಡ್ಕೊಂಡಿದೆಯಂತೆ. ನಿಮ್ಮ ಮ್ಯಾಚಿಗೆ ಡಾರಿಲ್ಲೇ ಬರ್ತಿರೋದು. ಅವನ ಮೇಲೆ ಒಂದೇ ಒಂದು ಮಾತು ಕೂಗಿದ್ಯೋ, ಊಟಕ್ಕೂ ಬರಲ್ಲ, ಮದುವೆಗೂ ಕರೆಯಲ್ಲ. ನಾವಿಬ್ರೇ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮುಗಿಸ್ಕೊಂಡು ಬರ್ತೀವಿ. ನಿನಗೆ ಫೋಟೋ ಕಳಿಸ್ತೀನಿ."

ಇರುವುದೊಂದೇ ಮಗಳು. ನಲವತ್ತರ ಹೊಸ್ತಿಲಲ್ಲಿ ಮದುವೆಗೆ ಒಪ್ಪಿದ್ದಾಳೆ. ನೋರೀನ್ ಆಣೆ ಮಾಡಿದಳು.

ಊರಿನ ರಗ್ಬಿ ತಂಡ ಕ್ಲೆಕ್‌ಥಾರ್ಪ್ ರೋವರ್ಸ್ ಸೋಲುವುದು ಹೊಸದೇನಲ್ಲ. ಸೋಲಿನಲ್ಲೂ ಒಂದು ಗೌರವ ಇರುತ್ತದೆ ಎನ್ನುತ್ತಾರೆ. ಇವರ ಸೋಲಿಗೆ ಅದೂ ಇಲ್ಲ. ಹೋದ ತಿಂಗಳು ಇವರ ಆಟಗಾರನೊಬ್ಬ ಇವರದೇ ತಂಡದ ಇನ್ನೊಬ್ಬನನ್ನು ಅಮುಕಿ ಕೆಡವಿ, ಎದ್ದು ನಿಂತು ಚಪ್ಪಾಳೆಗೆ ಕೈ ಬೀಸಿದ್ದ. ಪತ್ರಿಕೆಯಲ್ಲಿ ಅಚ್ಚಾಗುವ ಲೀಗಿನ ಪಟ್ಟಿಯಲ್ಲಿ ಇವರಿಗಿಂತ ಕೆಳಗೆ ಪತ್ರಿಕೆಯವರ ವಿಳಾಸ ಮಾತ್ರ ಇರುತ್ತದೆ. ಆದರೆ ನೋರೀನ್‌ಳನ್ನು ಕೇಳಿದರೆ ಇದರಲ್ಲಿ ಹುಡುಗರ ತಪ್ಪು ಎಳ್ಳಷ್ಟೂ ಇಲ್ಲ, ಎಲ್ಲ ರೆಫರಿಗಳ ಕೈವಾಡ. ಮೈದಾನದ ಪಕ್ಕದ ಅದೇ ಕಂಬಿಯ ಹಿಂದೆ ನಿಂತು ಮದುವೆಗೆ ಮುಂಚಿನಿಂದಲೂ ಇದನ್ನೇ ಕೂಗುತ್ತ ಬಂದಿದ್ದಾಳೆ. ಅವಳ ಗಂಟಲಿಗೆ ಆಚೆ ರಸ್ತೆಯ ಮೀನು-ಚಿಪ್ಸ್ ಅಂಗಡಿಯವನು ಕೂಡ ತಲೆ ಎತ್ತಿ ನೋಡುತ್ತಾನೆ. ಅದರಲ್ಲೂ ಡಾರಿಲ್ ಮಿಡ್ಗ್ಲಿ ಎಂದರೆ ಹನ್ನೆರಡು ವರ್ಷಗಳ ಹಗೆ.

ಆವತ್ತು ಮಧ್ಯಾಹ್ನ ಅವಳು ಬಾಯಿಗೆ ಒಂದರ ಮೇಲೊಂದು ಟಾಫಿ ತುರುಕಿಕೊಂಡು ಕಂಬಿ ಹಿಡಿದು ನಿಂತಳು. ಬೆಲ್ಲದ ಪಾಕದ ಗಟ್ಟಿ ಟಾಫಿ, ದವಡೆ ಅಲ್ಲಾಡಿಸಲೂ ಬಿಡದಂಥದ್ದು. ಆಟ ಶುರುವಾಗಿ ಹತ್ತು ನಿಮಿಷವಾದರೂ ಸದ್ದಿಲ್ಲ. ಪಕ್ಕದ ಕ್ಲಿಫ್, ಅವಳ ಹಳೇ ಜೊತೆಗಾರ, ಗಾಬರಿಯಾದ.

"ಏನಮ್ಮಾ, ಹುಷಾರಿಲ್ವಾ? ಅಲ್ಲಿ ಆಫ್‌ಸೈಡ್ ಬಿಟ್ಟ, ನೋಡಿದ್ಯಾ?"

"ಮ್ಮ್," ಎಂದಳು ನೋರೀನ್.

"ಅಯ್ಯೋ, ಇವಳಿಗೆ ಪಾರ್ಶ್ವವಾಯು ಹೊಡೀತು ಕಣ್ರೋ!"

ಪ್ರಥಮ ಚಿಕಿತ್ಸೆಯ ಇಬ್ಬರು ಚೀಲ ಹಿಡಿದು ಓಡಿಬಂದರು. ಒಬ್ಬಳು ರಕ್ತದೊತ್ತಡ ನೋಡಿದಳು, ಇನ್ನೊಬ್ಬ ಬೆರಳು ತೋರಿಸಿ ಎಷ್ಟು ಎಂದು ಕೇಳಿದ. ನೋರೀನ್ ತಾನೂ ತನ್ನ ನಡುಬೆರಳು ತೋರಿಸಿದಳು. ಅದನ್ನು ನೋಡಿ, ಇವಳು ಆರೋಗ್ಯವಾಗೇ ಇದ್ದಾಳೆ ಎಂದು ಅವರು ಹೊರಟುಹೋದರು.

ವಿಚಿತ್ರವೆಂದರೆ ರೋವರ್ಸ್ ಅಂದು ಚೆನ್ನಾಗಿ ಆಡುತ್ತಿದ್ದರು. ಕೊನೆಯ ನಿಮಿಷಕ್ಕೆ ಎದುರಾಳಿಗಳ ಹದಿನೆಂಟಕ್ಕೆ ಇವರದು ಹದಿನಾರು. ಗೆರೆಯಾಚೆ ಚೆಂಡು ಊರಿ ಒಂದು ಟ್ರೈ ಗಳಿಸಿದರೆ ನಾಲ್ಕು ಅಂಕ, ಎರಡು ವರ್ಷಗಳಲ್ಲಿ ಮೊದಲ ಗೆಲುವು. ಆಗಲೇ ಚೆಂಡು ಕೈಯಿಂದ ಕೈಗೆ ಬಂದು, ನೋರೀನ್ ಮೂಗಿನ ಮುಂದೆಯೇ ಕೊನೆಯ ಪಾಸ್ ಆಯಿತು. ಅಂಚಿನಲ್ಲಿದ್ದ ಹುಡುಗ ಅದನ್ನು ಹಿಡಿದು ಓಡಿ ಗೆರೆಯಾಚೆ ನೆಲಕ್ಕೆ ಒತ್ತಿದ. ಮೈದಾನ ಹುಚ್ಚೆದ್ದು ಕುಣಿಯಿತು. ಕ್ಲಿಫ್ ತಾನು ತಿನ್ನುತ್ತಿದ್ದ ಬಟಾಣಿಯ ತಟ್ಟೆಯನ್ನೇ ಗಾಳಿಗೆ ಎಸೆದ.

ಆದರೆ ಈ ಆಟದಲ್ಲಿ ಕೈಯಿಂದ ಎಸೆದ ಚೆಂಡು ಹಿಂದಕ್ಕೇ ಹೋಗಬೇಕು. ಅದು ಮುಂದಕ್ಕೆ ಹೋಗಿತ್ತು. ಎರಡು ಮಾರು ಮುಂದಕ್ಕೆ! ಗೆರೆ ಕಾಯುವ ಸಹಾಯಕ ರೆಫರಿ ಕೆಸರಲ್ಲಿ ಜಾರಿ ಕೂತಿದ್ದ. ಡಾರಿಲ್ ಸೀಟಿ ಬಾಯಲ್ಲಿಟ್ಟುಕೊಂಡು ನಿಂತು, ಒಂದು ಗಳಿಗೆ ಕಂಬಿಯ ಕಡೆ ನೋಡಿದ.

ನೋರೀನ್ ಕಂಬಿಯ ಮೇಲೆ ಬಾಗಿದಳು. ಕೊಟ್ಟೇಬಿಡುತ್ತಾನೆ ಇವನು! ಭಾವೀ ಅತ್ತೆಗೆ ಉಡುಗೊರೆ ಕೊಡುವಂತೆ ಗೆಲುವು ಕೊಡುತ್ತಾನೆ. ಸುಮ್ಮನಿದ್ದರೆ ಗೆಲುವೂ ಸಿಕ್ಕಿತು, ಮಗಳ ಮದುವೆಯೂ ಸಿಕ್ಕಿತು. ಜನ್ಮವಿಡೀ ಮೋಸ, ಮೋಸ ಎಂದು ಕೂಗಿದವಳು ಈಗ ಮೋಸದ ಟ್ರೈಗೆ ಚಪ್ಪಾಳೆ ತಟ್ಟುವುದೆ? ಅವಳು ಟಾಫಿಯನ್ನು ಪುಳಕ್ಕನೆ ಉಗಿದಳು. ಅದು ಕ್ಲಿಫ್‌ನ ಬೋಳುತಲೆಗೆ ಅಂಟಿಕೊಂಡಿತು.

"ಮುಂದಕ್ಕೋಯ್ತು ಕಣೋ! ಪಾಸು ಮುಂದಕ್ಕೋಯ್ತು! ಕಣ್ಣೇನು ಬೂಟಲ್ಲಿ ಇಟ್ಕೊಂಡಿದೀಯಾ, ಕುರುಡ ನನ್ಮಗನೆ!"

ಸೀಟಿ ಮೊಳಗಿತು. ಟ್ರೈ ಇಲ್ಲ. ಆಟವೂ ಮುಗಿಯಿತು.

"ನೀನು ಯಾರ ಕಡೆಯವಳೇ?" ಎಂದು ಕ್ಲಿಫ್ ಅಳುವ ದನಿಯಲ್ಲಿ ಕೇಳಿದ.  ಹಿಂದಿನಿಂದ ಊರಿಗೆ ಊರೇ ಬೈಯುತ್ತಿರಲು ನೋರೀನ್ ತಲೆ ತಗ್ಗಿಸಿ ಮನೆಗೆ ನಡೆದಳು.

ಆದರೂ ಮೂರು ತಟ್ಟೆ ಇಟ್ಟಳು. ಬರುವುದಿಲ್ಲವೆಂದು ಗೊತ್ತಿದ್ದೂ ಇಟ್ಟಳು, ಇಟ್ಟು ಅತ್ತಳು. ಬಾಗಿಲು ಬಡಿದ ಸದ್ದಾದಾಗ ಏಪ್ರನ್ನಿನಿಂದ ಮೂಗು ಒರೆಸಿಕೊಂಡು ಹೋಗಿ ತೆಗೆದಳು. ಕರ್ಸ್ಟಿ ಮುಖ ಗಂಟಿಕ್ಕಿಕೊಂಡು ನಿಂತಿದ್ದಳು. ಹಿಂದೆ ಕಿವಿಯ ಹತ್ತಿರ ಇನ್ನೂ ಕೆಸರಿದ್ದ ಡಾರಿಲ್.

"ಇವನು ಹಟ ಹಿಡಿದ ಅಂತ ಬಂದೆ," ಎಂದಳು ಕರ್ಸ್ಟಿ.

ಡಾರಿಲ್ ಟೋಪಿ ತೆಗೆದ. "ನೀವು ಕೂಗದಿದ್ರೂ ಕೊಡ್ತಿರಲಿಲ್ಲಮ್ಮ. ಸೀಟಿ ಬಾಯಲ್ಲೇ ಇತ್ತು, ಕೆಸರು ತುಂಬ್ಕೊಂಡು ಮೊದಲ ಸಲ ಊದಿದಾಗ ಸದ್ದೇ ಬರಲಿಲ್ಲ ಅಷ್ಟೆ."

"ಹಂಗಾದ್ರೆ ಊರೋರ ಹತ್ರ ಸುಮ್‌ಸುಮ್ನೆ ಬೈಸ್ಕೊಂಡ್ನಾ ನಾನು?"

"ಹನ್ನೆರಡು ವರ್ಷದಿಂದ ನಿಮ್ಮ ಕೂಗು ಕೇಳ್ತಿದೀನಿ. ನೀವು ಸರಿಯಾಗಿ ಹೇಳಿದ್ದು ಇವತ್ತೇ ಮೊದಲು."

"ಮೊದಲಾ?" ನೋರೀನ್ ಸೊಂಟಕ್ಕೆ ಕೈಯಿಟ್ಟಳು. "ಹೋದ ಈಸ್ಟರ್‌ನಲ್ಲಿ ಎದುರು ತಂಡದವನ ಕೈಯಿಂದ ಚೆಂಡು ಜಾರಿದ್ದನ್ನ ನೀನು ಬಿಟ್ಟಿದ್ದು? ಅದೂ ಸುಳ್ಳಾ?"

ಡಾರಿಲ್ ಕೈಯಲ್ಲಿದ್ದ ಟೋಪಿಯನ್ನು ತಿರುವಿದ. ಕಿವಿ ಕೆಂಪಾಯಿತು. "ಇಲ್ಲ. ಆವತ್ತು ನಂದೇ ತಪ್ಪು. ವೀಡಿಯೋ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ."

ಇಷ್ಟು ವರ್ಷಗಳಲ್ಲಿ ಯಾವ ರೆಫರಿಯೂ ಅವಳಿಗೆ ಹೇಳಿರದ ಮಾತು ಅದು. ನೋರೀನ್‌ಗೆ ಮತ್ತೆ ಅಳು ಉಕ್ಕಿ ಬಂತು. ಅವನನ್ನು ತೋಳು ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕೂರಿಸಿ, ಅವನ ತಟ್ಟೆಗೆ ಗ್ರೇವಿ ಚೆಲ್ಲುವಷ್ಟು ಸುರಿದಳು.

"ಮದುವೆ ಯಾವಾಗ ಇಟ್ಕೊಂಡ್ರೂ ಸರಿ," ಎಂದಳು, "ಭಾನುವಾರ ಮಾತ್ರ ಬೇಡ. ನಮ್ಮಿಬ್ರಿಗೂ ಕೆಲ್ಸ ಇರತ್ತೆ."